ರಿಯಲ್‌ಫ್ಲೈಟ್ ಎವಲ್ಯೂಶನ್ ಸಿಮ್ಯುಲೇಟರ್: ಏರೋಬ್ಯಾಟಿಕ್ಸ್ ಕಾಂಪಿಟಿಷನ್‌ಗೆ ಪ್ರಾಕ್ಟೀಸ್ ಮಾಡೋಕೆ ಆಗತ್ತಾ? ಒಂದು ಸೀಸನ್ ಬಳಸಿ ನೋಡಿದ್ದು

ರಿಯಲ್‌ಫ್ಲೈಟ್ ಅಂದ್ರೆ ರೇಡಿಯೋ ರಿಮೋಟ್ ಹಿಡ್ಕೊಂಡು ನೆಲದ ಮೇಲೆ ನಿಂತು ಹಾರಿಸೋ ಮಾಡೆಲ್ ವಿಮಾನಗಳನ್ನ ಕಂಪ್ಯೂಟರ್ ಪರದೆ ಮೇಲೆ ಹಾರಿಸೋ ಸಾಫ್ಟ್‌ವೇರ್. ನಾನು ಇದನ್ನ ತಗೊಂಡಿದ್ದು ಮಾಡೆಲ್ ವಿಮಾನ ಹಾರಿಸೋದು ಕಲಿಯೋಕಲ್ಲ, ಅದು ಆಗ್ಲೇ ಬರ್ತಿತ್ತು. ಏರೋಬ್ಯಾಟಿಕ್ಸ್, ಅಂದ್ರೆ ಆಕಾಶದಲ್ಲಿ ಲೂಪು ರೋಲು ಹಾಕೋ ಕಸರತ್ತಿನ ಕಾಂಪಿಟಿಷನ್‌ಗೆ ಇಳಿಲೇಬೇಕು ಅಂತ ಮನಸ್ಸು ಮಾಡಿದ ವಾರ ತಗೊಂಡೆ. ರಿವ್ಯೂ ಹುಡುಕಿದ್ರೆ ಎಲ್ಲಾ ಕಡೆ ಒಂದೇ ಮಾತು, ಹೊಸಬರಿಗೆ ಒಳ್ಳೇದು, ಬಿದ್ರೆ ದುಡ್ಡು ಹೋಗಲ್ಲ, ಮಕ್ಕಳಿಗೆ ಖುಷಿ, ಅಷ್ಟೇ ಹೇಳಿ ಮುಗಿಸ್ಬಿಡ್ತಾರೆ. ನನಗೆ ಬೇಕಿದ್ದದ್ದು ಬೇರೆ: ಜಡ್ಜ್‌ಗಳು ಬೆನ್ನ ಹಿಂದೆ ಕುರ್ಚಿ ಹಾಕ್ಕೊಂಡು ಕೂತು ಪ್ರತಿ ಗೆರೆಗೂ ನಂಬರ್ ಹಾಕುವಾಗ, ಮನೇಲಿ ಮಾನಿಟರ್ ಮುಂದೆ ತಿಂಗಳುಗಟ್ಲೆ ಮಾಡಿದ ಪ್ರಾಕ್ಟೀಸ್ ಕೈ ಹಿಡಿಯತ್ತಾ ಇಲ್ವಾ? ಒಂದು ಸೀಸನ್ ಪೂರ್ತಿ ಇದನ್ನ ಇಟ್ಕೊಂಡು ತಯಾರಿ ಮಾಡಿ ಸ್ಪರ್ಧೆಗೆ ಹೋಗಿ ಬಂದಿದೀನಿ, ಈಗ ಧೈರ್ಯವಾಗಿ ಬರೀಬಹುದು ಅನ್ನಿಸ್ತು. ಸ್ವಲ್ಪ ಉದ್ದ ಆಗತ್ತೆ, ತಾಳ್ಮೆಯಿಂದ ಓದಿ.

ಮೊದಲು ಈ ಹುಚ್ಚು ಎಲ್ಲಿಂದ ಬಂತು ಹೇಳ್ಬಿಡ್ತೀನಿ. ಅಪ್ಪಂಗೆ ಬ್ಯಾಂಕ್ ಕೆಲಸ, ನಾನು ಹೈಸ್ಕೂಲಲ್ಲಿರೋವಾಗ ಬೀದರ್‌ಗೆ ಟ್ರಾನ್ಸ್‌ಫರ್ ಆಯ್ತು. ಬೀದರ್ ಅಂದ್ರೆ ಸೂರ್ಯಕಿರಣ್ ತಂಡದ ಊರು, 1996ರಲ್ಲಿ ಶುರುವಾದ ಏರ್‌ಫೋರ್ಸಿನ ಏರೋಬ್ಯಾಟಿಕ್ ಟೀಮ್, ಆಗ ಅವರ ಹತ್ರ ಇದ್ದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡಿದ ಕಿರಣ್ ವಿಮಾನಗಳು. 2011ರಲ್ಲಿ ತಂಡ ನಿಂತೋಯ್ತು, ಆಮೇಲೆ ಹಾಕ್ ಜೆಟ್ ಜೊತೆ ಮತ್ತೆ ಬಂತು, ಅದು ನಾನು ಊರು ಬಿಟ್ಟ ಎಷ್ಟೋ ವರ್ಷದ ಮೇಲಿನ ಮಾತು. ಬೆಳಿಗ್ಗೆ ಪ್ರೇಯರ್‌ಗೆ ಸಾಲಾಗಿ ನಿಂತಿದ್ರೆ ತಲೆ ಮೇಲೆ ಕೆಂಪು ಬಿಳಿ ವಿಮಾನಗಳು ಪ್ರಾಕ್ಟೀಸಿಗೆ ಹೋಗ್ತಿದ್ವು, ಇಡೀ ಸಾಲಿಗೆ ಸಾಲೇ ಮೇಲೆ ನೋಡ್ತಿತ್ತು, ಪಿಟಿ ಮೇಷ್ಟ್ರೂ ನೋಡ್ತಿದ್ರು. ಅವತ್ತು ಕಣ್ಣಿಗೆ ಕೂತಿದ್ದು ಏನು ಗೊತ್ತಾ, ಶಬ್ದ ಅಲ್ಲ, ಹೊಗೆ ಅಲ್ಲ, ಆ ಗೆರೆ. ಆಕಾಶದಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಗೆರೆ. ಈಗ ಕೆಲಸದ ಮೇಲೆ ಟೆಕ್ಸಸ್‌ಗೆ ಬಂದು ಸೆಟ್ಲ್ ಆಗಿದೀನಿ, ಇಲ್ಲಿನ ಕ್ಲಬ್ ಫೀಲ್ಡಲ್ಲಿ ವೀಕೆಂಡ್ ಹಾರಿಸ್ತೀನಿ, ಆದ್ರೆ ಆ ಗೆರೆ ಎಳೀಬೇಕು ಅನ್ನೋ ಆಸೆ ಬೀದರ್‌ದೇ.

ಇನ್ನು ಸ್ಪರ್ಧೆ ಏನು ಅಂತ ಗೊತ್ತಿಲ್ದೋರಿಗೆ: ಇಲ್ಲಿ ನಾನು ಹೋಗೋದು ಐಮ್ಯಾಕ್ ಅಂತಾರಲ್ಲ, ಇಂಟರ್‌ನ್ಯಾಷನಲ್ ಮಿನಿಯೇಚರ್ ಏರೋಬ್ಯಾಟಿಕ್ ಕ್ಲಬ್, ಅವರ ನಿಯಮದ ಕಾಂಟೆಸ್ಟ್‌ಗಳಿಗೆ. ನಿಜವಾದ ಏರೋಬ್ಯಾಟಿಕ್ ವಿಮಾನಗಳ ಸ್ಕೇಲ್ ಮಾಡೆಲ್, ಎಕ್ಸ್‌ಟ್ರಾ, ಎಡ್ಜ್, ಸುಖೋಯ್, ಈ ಥರದ್ದು. ಬೇಸಿಕ್, ಸ್ಪೋರ್ಟ್ಸ್‌ಮನ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್ಡ್, ಅನ್‌ಲಿಮಿಟೆಡ್ ಅಂತ 5 ಕ್ಲಾಸು, ಬೇಸಿಕ್‌ನಲ್ಲಿ ಮಾತ್ರ ಸ್ಕೇಲ್ ಇರ್ಲೇಬೇಕು ಅನ್ನೋ ಕಟ್ಟು ಇಲ್ಲ, ಕೈಲಿರೋ ವಿಮಾನ ತಗೊಂಡೋಗಿ ಹಾರಿಸಬಹುದು. ಪ್ರತಿ ವರ್ಷ ಹೊಸ ಸೀಕ್ವೆನ್ಸ್, ಅಂದ್ರೆ ಒಂದಾದ ಮೇಲೊಂದು ಮಾಡ್ಬೇಕಾದ ಕಸರತ್ತುಗಳ (ಫಿಗರ್‌ಗಳ) ಸಾಲು ಕೊಡ್ತಾರೆ, ಅದನ್ನ ಅರೆಸ್ಟಿ ಚಿತ್ರದಲ್ಲಿ ಬರೆದಿರ್ತಾರೆ, ಸ್ಪೇನ್ ದೇಶದ ಹೋಸೆ ಲೂಯಿಸ್ ಅರೆಸ್ಟಿ ಅನ್ನೋ ಪೈಲಟ್ ರೂಪಿಸಿದ ಚಿತ್ರಲಿಪಿ. ಸಣ್ಣ ಚುಕ್ಕಿಯಿಂದ ಫಿಗರ್ ಶುರು, ಕೊನೇಲಿ ಒಂದು ಚಿಕ್ಕ ಅಡ್ಡಗೀಟು, ನೆಗೆಟಿವ್ ಲೋಡ್ ಇರೋ ಕಡೆ, ಅಂದ್ರೆ ತಲೆಕೆಳಗೆ ಹಾರುವಾಗ ಇರೋ ಥರ ಭಾರ ಉಲ್ಟಾ ಬೀಳೋ ಕಡೆ, ಗೆರೆ ತುಂಡು ತುಂಡಾಗಿರತ್ತೆ. ಮೊದಲನೇ ಸಲ ನೋಡಿದಾಗ ನನಗೆ ಅಮ್ಮನ ರಂಗೋಲಿ ಪುಸ್ತಕ ನೆನಪಾಯ್ತು, ಆ ಎಳೆ ರಂಗೋಲಿ ಇರತ್ತಲ್ಲ, ಕೈ ಎತ್ತದೆ ಒಂದೇ ಎಳೇಲಿ ಹೋಗೋದು.

ಪ್ರತಿ ಫಿಗರಿಗೂ 10ರಿಂದ ಶುರು ಮಾಡಿ ತಪ್ಪಿಗೆ ಕಳೀತಾರೆ, ಪ್ರತಿ 5 ಡಿಗ್ರಿ ಓರೆಗೆ ಅರ್ಧ ಪಾಯಿಂಟು. 5 ಡಿಗ್ರಿ ಅಂದ್ರೆ ಎಷ್ಟು ಅಂತ ಒಂದ್ಸಲ ಕಾಗದದ ಮೇಲೆ ಬರೆದು ನೋಡಿ, ಕಣ್ಣಿಗೆ ಕಾಣೋದೇ ಕಷ್ಟ. ಆಮೇಲೆ ಅದನ್ನ ಕಷ್ಟದ ಅಂಶ, ಅಂದ್ರೆ ಕೆ ಫ್ಯಾಕ್ಟರ್‌ನಿಂದ ಗುಣಿಸ್ತಾರೆ, ಕ್ಲಾಸಲ್ಲಿ ಆ ರೌಂಡ್ ಜಾಸ್ತಿ ತಗೊಂಡೋರಿಗೆ 1000, ಉಳಿದೋರಿಗೆ ಅದರ ಲೆಕ್ಕದಲ್ಲಿ.

ಸರಿ, ಪ್ರಾಡಕ್ಟಿಗೆ ಬರ್ತೀನಿ. ರಿಯಲ್‌ಫ್ಲೈಟ್ ಅನ್ನೋ ಹೆಸರು ಹಳೇದು, ಮೊದಲು ಹಾಬಿಕೋ ಗುಂಪಿನ ಕೈಲಿತ್ತು, ಅವರು 2018ರಲ್ಲಿ ದಿವಾಳಿ ಆದ ಮೇಲೆ ಹೊರೈಜನ್ ಹಾಬಿ ತಗೊಂಡ್ರು. ಎವಲ್ಯೂಶನ್ ಅನ್ನೋದು ಅದರ ಆಮೇಲಿನ ಆವೃತ್ತಿ. ಎರಡು ಥರ ಸಿಗತ್ತೆ, ಇಂಟರ್‌ಲಿಂಕ್ ಡಿಎಕ್ಸ್ ಅನ್ನೋ ಯುಎಸ್‌ಬಿ ಕಂಟ್ರೋಲರ್ ಸಮೇತ ಒಂದು, ಅದು ಇಲ್ಲಿ 200 ಡಾಲರ್ ಆಸುಪಾಸು ಇತ್ತು, ಇಲ್ಲಾಂದ್ರೆ ಬರೀ ಸಾಫ್ಟ್‌ವೇರ್, ಸ್ಟೀಮ್‌ನಲ್ಲೂ ಡೌನ್‌ಲೋಡ್ ಮಾಡ್ಕೋಬಹುದು. ವಿಂಡೋಸ್ ಬೇಕೇ ಬೇಕು, ಮ್ಯಾಕ್ ಇರೋರು ಇದನ್ನ ನೋಡ್ಕೊಂಡೇ ದುಡ್ಡು ಕೊಡಿ. ವಿಮಾನಗಳಂತೂ ರಾಶಿ ಇದೆ, ಗ್ಲೈಡರ್, ಹೆಲಿಕಾಪ್ಟರ್, ಜೆಟ್, ಡ್ರೋನ್ ಎಲ್ಲಾ ಸೇರಿ ನೂರಾರು, ಅದರಲ್ಲಿ ಏರೋಬ್ಯಾಟಿಕ್ಸ್‌ಗೆ ಬೇಕಾದವು ಬೇಕಾದಷ್ಟಿವೆ. ನಾನು ಮೊದಲ ಎರಡು ದಿನ ಎಲ್ಲಾ ಹಾರಿಸಿ ನೋಡಿದೆ, ಆಮೇಲೆ ಒಂದೇ ಒಂದು ಎಕ್ಸ್‌ಟ್ರಾ ಆರಿಸಿಕೊಂಡೆ, ಇವತ್ತಿಗೂ ಅದೊಂದೇ.

ಕಂಟ್ರೋಲರ್ ವಿಷಯದಲ್ಲಿ ಒಂದು ಮಾತು. ಕಾಂಪಿಟಿಷನ್‌ಗೆ ಅಂತ ತಗೊಳೋರು ಬರೀ ಸಾಫ್ಟ್‌ವೇರ್ ತಗೊಂಡು ನಿಮ್ಮದೇ ಟ್ರಾನ್ಸ್‌ಮಿಟರ್, ಅಂದ್ರೆ ಫೀಲ್ಡಲ್ಲಿ ವಿಮಾನ ಹಾರಿಸೋ ರೇಡಿಯೋ ರಿಮೋಟ್ ಜೋಡಿಸಿ. ಸ್ಪೆಕ್ಟ್ರಮ್ ಬ್ರ್ಯಾಂಡಿನ ರೇಡಿಯೋ ಇರೋರಿಗೆ ಡಬ್ಲ್ಯುಎಸ್ 2000 ಅನ್ನೋ ಪುಟ್ಟ ವೈರ್‌ಲೆಸ್ ಡಾಂಗಲ್ ಇದೆ, ಎಡ್ಜ್‌ಟಿಎಕ್ಸ್ ಅನ್ನೋ ಸಾಫ್ಟ್‌ವೇರ್ ಓಡೋ ರೇಡಿಯೋಗಳಾದ್ರೆ ಯುಎಸ್‌ಬಿ ಕೇಬಲ್ ಚುಚ್ಚಿ ಜಾಯ್‌ಸ್ಟಿಕ್ ಮೋಡ್ ಆರಿಸಿದ್ರೆ ಆಯ್ತು. ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಸ್ಟಿಕ್ಕಿನ ಸ್ಪ್ರಿಂಗ್ ಎಷ್ಟು ಬಿಗಿ, ತುದಿ ಎಷ್ಟು ಉದ್ದ, ಬೆರಳು ಎಲ್ಲಿ ಕೂರತ್ತೆ, ಇವೆಲ್ಲ ಕೈಗೆ ಅಭ್ಯಾಸ ಆಗೋ ವಿಷಯ, ಸಂಗೀತ ಕಲಿಯೋರು ಇನ್ನೊಬ್ಬರ ವೀಣೆ ಮೇಲೆ ಪ್ರಾಕ್ಟೀಸ್ ಮಾಡಿ ತಮ್ಮ ವೀಣೆ ಮೇಲೆ ಕಛೇರಿ ಕೊಡಲ್ವಲ್ಲ ಹಾಗೆ. ನಾನು ಶುರುವಲ್ಲಿ ಉಳಿತಾಯ ಅಂತ ಆನ್‌ಲೈನಲ್ಲಿ ಒಬ್ಬರ ಹತ್ರ ಸೆಕೆಂಡ್‌ಹ್ಯಾಂಡ್ ಕಂಟ್ರೋಲರ್ ತಗೊಂಡೆ, ರಡ್ಡರ್ (ಮೂಗನ್ನ ಎಡಬಲ ತಿರುಗಿಸೋ ಬಾಲದ ಹಲಗೆ) ಸ್ಟಿಕ್ ನಡುವಲ್ಲಿದ್ರೂ ಅಲುಗಾಡ್ತಿತ್ತು, ಆ ನಡುಕಕ್ಕೆ ಸರಿಯಾಗಿ ನನ್ನ ಎಡಗೈ ಹೆಬ್ಬೆರಳು ತಪ್ಪು ಅಭ್ಯಾಸ ಕಲಿತುಬಿಡ್ತು, ಅದನ್ನ ಮರೆಸೋಕೆ ಒಂದು ತಿಂಗಳು ಹಿಡೀತು. ದಯವಿಟ್ಟು ಅಂಥದ್ದು ಮಾಡ್ಬೇಡಿ.

ಈಗ ಮುಖ್ಯ ವಿಷಯ, ಇದು ಏನು ಕಲಿಸತ್ತೆ. ಮೊದಲನೇದು ರಡ್ಡರ್. ನಮ್ಮಲ್ಲಿ ಸುಮ್ನೆ ಖುಷಿಗೆ ಹಾರಿಸೋ ಮುಕ್ಕಾಲು ಜನ ಎಡಗೈನ ಥ್ರಾಟಲ್‌ಗೆ, ಅಂದ್ರೆ ಮೋಟಾರ್ ವೇಗಕ್ಕೆ ಮಾತ್ರ ಬಳಸ್ತಾರೆ, ನಾನೂ ಹಾಗೇ ಇದ್ದೆ. ಕಾಂಟೆಸ್ಟಲ್ಲಿ ರಡ್ಡರ್ ಇಲ್ದೆ ಒಂದು ಫಿಗರೂ ಇಲ್ಲ. ಸ್ಲೋ ರೋಲ್ ತಗೊಳಿ, ವಿಮಾನ ನೇರ ಹೋಗ್ತಾನೇ ನಿಧಾನವಾಗಿ ಒಂದು ಸುತ್ತು ಉರುಳೋದು, ರೆಕ್ಕೆ ನೆಟ್ಟಗೆ ನಿಂತಾಗ ಮೂಗನ್ನ ಮೇಲಿಡೋದು ರಡ್ಡರ್, ತಲೆಕೆಳಗಾದಾಗ ಎಲಿವೇಟರ್ (ಮೂಗನ್ನ ಮೇಲೆ ಕೆಳಗೆ ಮಾಡೋದು) ಡೌನ್, ಮತ್ತೆ ಇನ್ನೊಂದು ಪಕ್ಕ ನಿಂತಾಗ ರಡ್ಡರ್ ಎದುರು ದಿಕ್ಕಿಗೆ, ಇಷ್ಟೂ ಏಲಿರಾನ್ (ವಿಮಾನನ ಉರುಳಿಸೋ ರೆಕ್ಕೆ ಹಲಗೆ) ಒಂದೇ ವೇಗದಲ್ಲಿ ಹಿಡಿದಿಟ್ಕೊಂಡೇ. ಇದನ್ನ ಫೀಲ್ಡಲ್ಲಿ ಕಲಿಯೋಕೆ ಹೋದ್ರೆ ಒಂದು ಬ್ಯಾಟರಿಗೆ 6 ನಿಮಿಷ, ಅಷ್ಟರಲ್ಲಿ ಹತ್ತು ಹದಿನೈದು ರೋಲ್ ಆದ್ರೆ ಜಾಸ್ತಿ. ಸಿಮ್‌ನಲ್ಲಿ ಒಂದು ಸಂಜೆಗೆ 200 ರೋಲ್ ಮಾಡಿದೀನಿ, ಬಲಕ್ಕೆ ನೂರು ಎಡಕ್ಕೆ ನೂರು, ನನ್ನಿಂದ ದೂರ ಹೋಗುವಾಗ, ಹತ್ರ ಬರುವಾಗ. ಮೂರು ವಾರ ಆದ್ಮೇಲೆ ಹೆಬ್ಬೆರಳು ತಾನಾಗೇ ಹೋಗ್ತಿತ್ತು, ಯೋಚನೆ ಮಾಡೋ ಕೆಲಸ ನಿಂತೋಯ್ತು. ಈ ಒಂದು ಕಾರಣಕ್ಕೇ ಕೊಟ್ಟ ದುಡ್ಡು ವಸೂಲಿ ಅಂತೀನಿ.

ಎರಡನೇದು ಸೀಕ್ವೆನ್ಸ್ ಬಾಯಿಪಾಠ. ಒಂದು ರೌಂಡಲ್ಲಿ ಅದೇ ಸೀಕ್ವೆನ್ಸ್ ಎರಡು ಸಲ ಹಾರಿಸ್ಬೇಕು, ಹಿಂದೆ ಒಬ್ಬರು ಕಾಲರ್ ನಿಂತು ಮುಂದಿನ ಫಿಗರ್ ಓದಿ ಹೇಳ್ತಾರೆ, ಅದಕ್ಕೆ ಅವಕಾಶ ಇದೆ. ಮನೇಲಿ ನನಗೆ ಕಾಲರ್ ಆಗಿದ್ದು ನನ್ನ ಹೆಂಡ್ತಿ. ಅವಳಿಗೆ ಹಂಪ್ಟಿ ಬಂಪ್, ಇಮ್ಮೆಲ್ಮನ್ ಅನ್ನೋ ಫಿಗರ್ ಹೆಸರೆಲ್ಲ ಬಾಯಿಗೆ ಬರ್ತಿರ್ಲಿಲ್ಲ, ಅರೆಸ್ಟಿ ಚಿತ್ರ ನೋಡ್ಕೊಂಡು ಕನ್ನಡದಲ್ಲೇ ಹೇಳೋಕೆ ಶುರು ಮಾಡಿದ್ಲು, "ನೆಟ್ಟಗೆ ಮೇಲೆ, ಅರ್ಧ ಸುತ್ತು, ಆಕಡೆ ಬಾಗು, ನೆಟ್ಟಗೆ ಕೆಳಗೆ, ಎಳಿ." ನಿಮಗೆ ನಂಬೋಕಾಗಲ್ಲ, ಇಂಗ್ಲಿಷ್ ಹೆಸರಿಗಿಂತ ಅದು ಎಷ್ಟು ಚೆನ್ನಾಗಿ ಕೆಲಸ ಮಾಡ್ತು ಅಂದ್ರೆ, ಹೆಸರು ಕೇಳಿ ಅರ್ಥ ಮಾಡ್ಕೊಂಡು ಆಮೇಲೆ ಕೈ ಆಡಿಸೋ ಆ ಅರ್ಧ ಸೆಕೆಂಡ್ ಉಳೀತು. ಮಗಳು ಹಂಪ್ಟಿ ಬಂಪ್‌ಗೆ ಗೋಪುರ ಅಂತ ಹೆಸರಿಟ್ಟಿದಾಳೆ, ಈಗ ನಮ್ಮನೇಲಿ ಅದು ಗೋಪುರನೇ. ದಿನಾ ಊಟ ಆದ್ಮೇಲೆ ಅರ್ಧ ಗಂಟೆ, ಸೀಕ್ವೆನ್ಸ್ ಎರಡೆರಡು ಸಲ, ಮೂರು ರೌಂಡ್. ಕಾಂಟೆಸ್ಟ್ ದಿನ ಅವಳೇ ಬಂದು ಹಿಂದೆ ನಿಂತು ಕನ್ನಡದಲ್ಲೇ ಓದಿದ್ಲು.

ಮೂರನೇದು ರೆಕಾರ್ಡಿಂಗ್. ಹಾರಿಸಿದ್ದನ್ನ ರೆಕಾರ್ಡ್ ಮಾಡಿ ಮತ್ತೆ ನೋಡಬಹುದು. ನಾನು ಹಾರಿಸೋವಾಗ ಚೆನ್ನಾಗೇ ಬಂತು ಅನ್ನಿಸಿದ ಲೂಪ್, ಕೈ ಕಟ್ಕೊಂಡು ಕೂತು ನೋಡಿದ್ರೆ ಮೊಟ್ಟೆ ಥರ ಇರ್ತಿತ್ತು. ಸ್ಕೋರ್ ಶೀಟ್ ಪ್ರಿಂಟ್ ಹಾಕ್ಕೊಂಡು ನನ್ನ ಹಾರಾಟಕ್ಕೆ ನಾನೇ ಜಡ್ಜ್ ಆಗಿ ನಂಬರ್ ಹಾಕ್ತಿದ್ದೆ, ರೂಲ್ ಬುಕ್ ಪಕ್ಕದಲ್ಲಿಟ್ಕೊಂಡು. ಇದರಿಂದ ಆದ ದೊಡ್ಡ ಲಾಭ ಅಂದ್ರೆ ಲೂಪಿನ ಮೇಲೆ ಕೆಳಗೆ ರೇಡಿಯಸ್ ಒಂದೇ ಇರ್ಬೇಕು, 45 ಡಿಗ್ರಿ ಗೆರೆ ಮೇಲೆ ಅರ್ಧ ರೋಲ್ ಇದ್ರೆ ಅದರ ಹಿಂದೆ ಮುಂದೆ ಗೆರೆ ಉದ್ದ ಸಮ ಇರ್ಬೇಕು, ಇಂಥವೆಲ್ಲ ಪುಸ್ತಕದಿಂದ ಕಣ್ಣಿಗೆ ಇಳೀತು.

ಇಷ್ಟೆಲ್ಲ ಮಾಡ್ಕೊಂಡು ಮೊದಲ ಕಾಂಟೆಸ್ಟ್‌ಗೆ ಹೋದೆ, ಬೇಸಿಕ್ ಕ್ಲಾಸು, 60 ಇಂಚ್ ರೆಕ್ಕೆಯ ಬಾಲ್ಸಾ ಎಕ್ಸ್‌ಟ್ರಾ, 6 ಸೆಲ್ ಬ್ಯಾಟರಿ. ಅಲ್ಲಿ ಏನಾಯ್ತು ಅನ್ನೋದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮಾನಿಟರ್ ಮುಂದೆ ಎಷ್ಟೇ ಕೂತ್ರೂ ಬರದೇ ಇರೋದು ಯಾವುದು ಅಂತ ಅಲ್ಲೇ ಗೊತ್ತಾಗಿದ್ದು. ಇದು ಈ ಒಂದು ಪ್ರಾಡಕ್ಟಿನ ಮಾತಲ್ಲ, ಚಪ್ಪಟೆ ಪರದೆ ಮೇಲೆ ಓಡೋ ಯಾವ ಸಿಮ್ಯುಲೇಟರಿಗೂ ಇರೋ ಮಿತಿ.

ನಮ್ಮ ಕಡೆ ಗಾಳಿ ಜಾಸ್ತಿ ದಕ್ಷಿಣದಿಂದ. ರನ್‌ವೇ ಪೂರ್ವ ಪಶ್ಚಿಮ, ನಾವು ದಕ್ಷಿಣದ ಕಡೆ ನಿಂತು ಉತ್ತರಕ್ಕೆ ಮುಖ ಮಾಡಿ ಹಾರಿಸೋದು, ಬಿಸಿಲು ಬೆನ್ನಿಗಿರ್ಲಿ ಅಂತ. ಅಂದ್ರೆ ಗಾಳಿ ನಮ್ಮ ಬೆನ್ನಿಂದ ಬಂದು ವಿಮಾನನ ಆಚೆ ತಳ್ತಾ ಇರತ್ತೆ. ಸೀಕ್ವೆನ್ಸ್ ಚೆನ್ನಾಗೇ ಹೋಗ್ತಿತ್ತು, ಕೈ ಕಲಿತಿದ್ದೆಲ್ಲ ಬರ್ತಿತ್ತು, ಆರನೇ ಫಿಗರ್ ಹೊತ್ತಿಗೆ ವಿಮಾನ ಯಾಕೋ ಚಿಕ್ಕದಾಗಿದೆ ಅನ್ನಿಸ್ತು, ಎಂಟನೇದಕ್ಕೆ ರೆಕ್ಕೆ ಯಾವ ಕಡೆ ಬಾಗಿದೆ ಅಂತ ಹುಡುಕೋ ಹಾಗಾಯ್ತು. ಪ್ರತಿ ಫಿಗರಲ್ಲೂ ನಾನು ಗಾಳಿಗೆ ಕೊಟ್ಟಿದ್ದು ಸ್ವಲ್ಪ ಸ್ವಲ್ಪ, ಒಟ್ಟು ಸೇರಿ ಅಷ್ಟು ದೂರ. ಅದನ್ನ ವಾಪಸ್ ಎಳ್ಕೊಳೋಕೆ ಅಂತ ಗೆರೆ ಮಧ್ಯದಲ್ಲಿ ಮೂಗು ತಿರುಗಿಸಿದೆ, ಅಲ್ಲೇ ಪಾಯಿಂಟ್ ಹೋಯ್ತು. ಮಾಡ್ಬೇಕಿದ್ದದ್ದು ಏನಂದ್ರೆ ಮೊದಲ ಫಿಗರಿಂದಲೇ ರೆಕ್ಕೆ ಸಮ ಇಟ್ಟು ರಡ್ಡರಿಂದ ಮೂಗನ್ನ ಗಾಳಿ ಕಡೆ ಚೂರು ಹಿಡಿದು ಹಾರಿಸೋದು, ವಿಮಾನ ಓರೆ ಕಂಡ್ರೂ ಅದು ನಡೆಯೋ ದಾರಿ ನೇರ ಇದ್ರೆ ಜಡ್ಜ್ ಪಾಯಿಂಟ್ ಕಳೆಯಲ್ಲ, ಅವರು ನೋಡೋದು ದಾರಿ. ಪರದೆ ಮೇಲೆ ಆಳ ಅನ್ನೋದೇ ಇಲ್ಲ ನೋಡಿ, ವಿಮಾನ 30 ಮೀಟರ್ ಆಚೆ ಹೋದ್ರೆ ಅಲ್ಲಿ ಕಾಣೋದು ಸ್ವಲ್ಪ ಸಣ್ಣ ಆಯ್ತು ಅಂತ ಅಷ್ಟೇ, ಫೀಲ್ಡಲ್ಲಿ ಎರಡು ಕಣ್ಣು, ಹಿಂದಿನ ಮರ, ಕತ್ತು ಎತ್ತಿರೋ ಕೋನ, ಇವೆಲ್ಲ ಸೇರಿ ದೂರ ಹೇಳತ್ತೆ, ಆ ಭಾಷೆ ನಾನು ಕಲಿತೇ ಇರ್ಲಿಲ್ಲ.

ಎರಡನೇ ಪೆಟ್ಟು ಸ್ಪಿನ್. ಆ ಸೀಕ್ವೆನ್ಸಲ್ಲಿ ಒಂದು ಸುತ್ತಿನ ಸ್ಪಿನ್ ಇತ್ತು, ಅಂದ್ರೆ ವಿಮಾನ ಸುತ್ತುತ್ತಾ ಕೆಳಗೆ ಬೀಳೋದು. ನಿಯಮ ಏನು, ವಿಮಾನ ಎತ್ತರ ಬದಲಾಗದೆ ನಿಧಾನ ಆಗ್ತಾ ಬಂದು ನಿಜವಾಗ್ಲೂ ಸ್ಟಾಲ್ ಆಗ್ಬೇಕು (ವೇಗ ಸಾಲದೆ ರೆಕ್ಕೆ ಎತ್ತೋ ಶಕ್ತಿ ಕಳ್ಕೊಳ್ಬೇಕು), ಮೂಗು ಬೀಳ್ಬೇಕು, ರೆಕ್ಕೆ ಅದೇ ಕ್ಷಣಕ್ಕೆ ಬೀಳ್ಬೇಕು, ಬಲವಂತವಾಗಿ ಸ್ನ್ಯಾಪ್ ಮಾಡಿ, ಅಂದ್ರೆ ಸ್ಟಿಕ್ ಜಗ್ಗಿ ಥಟ್ಟಂತ ತಿರುಗಿಸಿ, ಒಳಗೆ ಹೋದ್ರೆ ಆ ಫಿಗರಿಗೆ ಸೊನ್ನೆ. ಸಿಮ್‌ನಲ್ಲಿ ನಾನು ಮಾಡ್ತಿದ್ದದ್ದು ಗಾಳಿ ಇಲ್ದೆ. ನಿಜವಾದ ಗಾಳಿಗೆ ಎದುರಾಗಿ ಥ್ರಾಟಲ್ ತೆಗೆದ್ರೆ ವಿಮಾನ ನಿಂತ ಹಾಗೇ ಕಾಣತ್ತೆ ಆದ್ರೆ ರೆಕ್ಕೆಗೆ ಇನ್ನೂ ಗಾಳಿ ಸಿಗ್ತಿರತ್ತೆ, ಸ್ಟಾಲ್ ಆಗಿರಲ್ಲ, ನಾನು ಕಣ್ಣು ನಂಬಿ ರಡ್ಡರ್ ಕೊಟ್ಟೆ. ಇಬ್ಬರು ಜಡ್ಜೂ ಸೊನ್ನೆ ಹಾಕಿದ್ರು. ಇಳಿಸಿದ ಮೇಲೆ ಅವರಲ್ಲಿ ಒಬ್ಬರು, ವಯಸ್ಸಾದೋರು, ಕರೆದು ಕೈಯನ್ನೇ ವಿಮಾನ ಮಾಡಿ ತೋರಿಸಿ ಅರ್ಧ ಗಂಟೆ ಹೇಳಿಕೊಟ್ರು, ಆ ಪ್ರೀತಿ ನಾನು ಮರೆಯಲ್ಲ.

ಮನೆಗೆ ಬಂದ್ಮೇಲೆ ಸಿಮ್ಯುಲೇಟರ್ ಮೂಲೆಗೆ ಹಾಕ್ಲಿಲ್ಲ, ಬಳಸೋ ರೀತಿ ಬದಲಾಯಿಸಿದೆ. ಇಲ್ಲಿಂದ ಮುಂದಿನದು ನೀವು ತಗೊಂಡ್ರೆ ನೇರ ಉಪಯೋಗಕ್ಕೆ ಬರೋದು.

ಮೊದಲು ಕ್ಯಾಮೆರಾ. ಆಟೋಜೂಮ್ ಅಂತ ಒಂದಿದೆ, ವಿಮಾನ ದೂರ ಹೋದ್ರೆ ಅದೇ ದೊಡ್ಡದು ಮಾಡಿ ತೋರಿಸತ್ತೆ, ಕಲಿಯೋರಿಗೆ ಬಹಳ ಅನುಕೂಲ, ಕಾಂಟೆಸ್ಟಿನೋರು ಅದನ್ನ ಆಫ್ ಮಾಡ್ಲೇಬೇಕು. ಕಣ್ಣಿಗೆ ಜೂಮ್ ಇಲ್ಲ. ನೆಲ ಯಾವಾಗ್ಲೂ ಕಾಣೋ ಹಾಗೆ ಇಡೋ ಆಯ್ಕೆಯೂ ಇದೆ, ಅದನ್ನ ಆನ್ ಇಟ್ಕೊಳ್ಳಿ, ನೆಲದ ಗೆರೆ ಕಾಣ್ದಿದ್ರೆ ನೆಟ್ಟಗಿದೆಯೋ ಓರೆ ಇದೆಯೋ ಅಂತ ಹೇಳೋಕೆ ಆಧಾರನೇ ಇರಲ್ಲ. ಸಾಧ್ಯ ಆದ್ರೆ ದೊಡ್ಡ ಪರದೆ, ನಾನು ಹಾಲ್‌ನ ಟಿವಿಗೆ ಹಾಕಿ ಹತ್ರ ನಿಂತು ಹಾರಿಸ್ತೀನಿ, ನಿಂತೇ, ಕೂತ್ಕೊಂಡು ಅಲ್ಲ. ವಿಆರ್ ಹೆಡ್‌ಸೆಟ್ ಕೂಡ ಹಾಕಬಹುದು, ಗೆಳೆಯನದ್ದು ತಂದು ನೋಡಿದೆ, ಕತ್ತೆತ್ತಿ ನೋಡೋ ಅನುಭವ ಬರತ್ತೆ, ದೂರದ ಅಂದಾಜು ಪರದೆಗಿಂತ ಎಷ್ಟೋ ವಾಸಿ, ಆದ್ರೆ ಇಪ್ಪತ್ತು ನಿಮಿಷಕ್ಕೆ ನನಗೆ ತಲೆ ಭಾರ ಆಗತ್ತೆ.

ಆಮೇಲೆ ಗಾಳಿ. ಸೊನ್ನೆ ಗಾಳೀಲಿ ಹಾರಿಸೋದು ಪೂರ್ತಿ ಬಿಟ್ಟೆ. ಗಾಳಿ ವೇಗ, ದಿಕ್ಕು, ಏರಿಳಿತ ಎಲ್ಲಾ ಹಾಕಬಹುದು ಇದರಲ್ಲಿ. ವಾರದ ಹವಾಮಾನ ನೋಡಿ ಶನಿವಾರ 15 ಮೈಲಿ ವೇಗ ಅಂತಿದ್ರೆ ಅದನ್ನೇ ಹಾಕಿ ಅದೇ ದಿಕ್ಕಿಂದ ಹಾರಿಸ್ತೀನಿ. ಲೂಪಿನ ವಿಷಯ ಆಗಲೇ ನಿಜವಾಗಿ ಅರ್ಥ ಆಗಿದ್ದು. ಗಾಳಿ ಇಲ್ದಿದ್ರೆ ಲೂಪಿನ ಮೇಲ್ಗಡೆ ವೇಗ ಕಮ್ಮಿ ಆಗತ್ತೆ, ಎಲಿವೇಟರ್ ಸಡಿಲ ಬಿಟ್ರೆ ದುಂಡಗೆ ಬರತ್ತೆ. ಅದೇ ಎದುರುಗಾಳಿಗೆ ಶುರು ಮಾಡಿದ ಲೂಪಲ್ಲಿ ಮೇಲ್ಗಡೆ ವಿಮಾನ ಗಾಳಿ ಜೊತೆ ಓಡ್ತಿರತ್ತೆ, ಅಲ್ಲೂ ಅಷ್ಟೇ ಸಡಿಲ ಬಿಟ್ರೆ ಲೂಪ್ ಹಿಂದಕ್ಕೆ ಜಗ್ಗಿಕೊಂಡೋಗತ್ತೆ, ಹಾಗಾಗಿ ಸ್ವಲ್ಪ ಬಿಗಿ ಹಿಡೀಬೇಕು, ಕೆಳಗೆ ಗಾಳಿಗೆ ಎದುರು ಬಂದಾಗ ಬಿಡ್ಬೇಕು. ನೆಟ್ಟಗೆ ಮೇಲೆ ಹೋಗೋ ಗೆರೇಲೂ ಅಷ್ಟೇ, ಮೂಗು ಗಾಳಿ ಕಡೆ ಒಂಚೂರು ಒರಗಿರ್ಬೇಕು, ಆಗ ದಾರಿ ನೆಟ್ಟಗಿರತ್ತೆ. ಸ್ಟಾಲ್ ಟರ್ನಲ್ಲಿ, ಅಂದ್ರೆ ನೆಟ್ಟಗೆ ಮೇಲೆ ಹೋಗಿ ನಿಂತು ಪಕ್ಕಕ್ಕೆ ತಿರುಗಿ ಕೆಳಗೆ ಬರೋ ಫಿಗರಲ್ಲಿ, ಮೇಲೆ ನಿಂತ ಕ್ಷಣ ಗಾಳಿ ತಳ್ಳಿದ್ದಕ್ಕೆ ಪಾಯಿಂಟ್ ಹೋಗಲ್ಲ, ಸ್ಟಾಲ್ ಆದ ಹೊತ್ತಿನ ತೇಲಾಟನ ಜಡ್ಜ್ ಬಿಟ್ಟುಬಿಡ್ತಾರೆ. ದೂರದ ಅಂದಾಜು ಪರದೆ ಕೊಡಲ್ಲ ಅಂದ್ನಲ್ಲ, ಅದಕ್ಕೊಂದು ಉಪಾಯ ಮಾಡ್ಕೊಂಡೆ, ಪ್ರತಿ ಫಿಗರ್ ಮುಗಿದಾಗ ನೆಲದ ಮೇಲಿನ ನೆರಳು ರನ್‌ವೇಯಿಂದ ಎಷ್ಟು ಆಚೆ ಇದೆ ಅಂತ ಒಂದೇ ಒಂದು ಸಲ ಕಣ್ಣು ಹಾಯಿಸೋದು. ಫೀಲ್ಡಲ್ಲಿ ಅಷ್ಟು ಎತ್ತರದಿಂದ ನೆರಳು ಹುಡುಕೋಕಾಗಲ್ಲ, ಆದ್ರೆ ಪ್ರತಿ ಫಿಗರ್ ಕೊನೆಗೆ ದೂರ ಕೇಳ್ಕೊಳ್ಳೋ ಅಭ್ಯಾಸ ಉಳೀತು, ಅದೇ ಬೇಕಿದ್ದದ್ದು.

ಮೂರನೇದು ವಿಮಾನದ ಎಡಿಟರ್. ನಿಮ್ಮ ವಿಮಾನದ ತೂಕ, ಬ್ಯಾಲೆನ್ಸ್ ಬಿಂದು, ಕಂಟ್ರೋಲ್ ಥ್ರೋ (ರಡ್ಡರ್, ಎಲಿವೇಟರ್ ಎಷ್ಟು ಆಡ್ಬೇಕು ಅನ್ನೋದು) ಎಲ್ಲಾ ತಿದ್ದಿ ನಿಮ್ಮದರ ಥರ ಮಾಡ್ಕೋಬಹುದು. ಹುಷಾರು, ಇದರಲ್ಲಿ ಮುಳುಗಿಹೋದ್ರೆ ಹಾರಿಸೋದೇ ಮರ್ತೋಗತ್ತೆ. ನಾನು ಮಾಡಿದ್ದು ಇಷ್ಟೇ, ನಿಜವಾದ ಎಕ್ಸ್‌ಟ್ರಾನ 45 ಡಿಗ್ರಿ ಮೇಲ್ಮುಖವಾಗಿ ತಲೆಕೆಳಗೆ ಮಾಡಿ ಸ್ಟಿಕ್ ಬಿಟ್ಟು ನೋಡಿದೆ, ಗೆರೆ ಎಷ್ಟು ಹೊತ್ತು ನೇರ ಹೋಗತ್ತೆ, ಮೂಗು ಯಾವಾಗ ಬೀಳತ್ತೆ ಅಂತ, ಬ್ಯಾಲೆನ್ಸ್ ನೋಡೋಕೆ ಎಲ್ಲರೂ ಮಾಡೋ ಪರೀಕ್ಷೆ ಅದು. ಸಿಮ್ ಒಳಗಿನದೂ ಹೆಚ್ಚುಕಮ್ಮಿ ಹಾಗೇ ವರ್ತಿಸೋ ತನಕ ತಿದ್ದಿದೆ, ಅಲ್ಲಿಗೆ ನಿಲ್ಲಿಸಿದೆ. ಸ್ನ್ಯಾಪ್ ರೋಲ್ ಮತ್ತೆ ಸ್ಪಿನ್ ಮಾತ್ರ ಯಾವ ಸಿಮ್ಯುಲೇಟರಲ್ಲೂ ಕಲಿಯೋಕೆ ಹೋಗ್ಬೇಡಿ ಅಂತ ನನ್ನ ಅಭಿಪ್ರಾಯ, ನಿಮ್ಮ ವಿಮಾನ ಎಲ್ಲಿ ಸ್ಟಾಲ್ ಆಗತ್ತೆ, ಎಲ್ಲಿ ಸ್ಟಿಕ್ ಬಿಟ್ರೆ ಸರಿಯಾಗಿ ನಿಲ್ಲತ್ತೆ ಅನ್ನೋದು ಆ ಒಂದು ವಿಮಾನದ ಗುಟ್ಟು, ಅದರ ಹತ್ರಾನೇ ಕೇಳ್ಬೇಕು. ನಾನೀಗ ಫೀಲ್ಡಿಗೆ ಹೋದ್ರೆ ಮೊದಲ ಎರಡು ಬ್ಯಾಟರಿ ಬರೀ ಸ್ಪಿನ್ನಿಗೇ, ಎತ್ತರದಲ್ಲಿ.

ಇನ್ನೊಂದು ಸಂಗತಿ ಮುಂದಿನ ಕ್ಲಾಸಿಗೆ ಹೋಗೋರಿಗೆ. ಸ್ಪೋರ್ಟ್ಸ್‌ಮನ್‌ನಿಂದ ಮೇಲೆ ಅನ್‌ನೋನ್ ಅಂತ ಒಂದು ಸೀಕ್ವೆನ್ಸ್ ಇರತ್ತೆ, ಮುಂಚೆ ಯಾರೂ ನೋಡಿರಲ್ಲ, ಕಾಂಟೆಸ್ಟಿಗೆ ಬಂದ್ಮೇಲೇ ಹಾಳೆ ಕೈಗೆ ಸಿಗೋದು, ಅದನ್ನ ಹಾರಿಸೋ ಮುಂಚೆ ವಿಮಾನದಲ್ಲೂ ಪ್ರಾಕ್ಟೀಸ್ ಮಾಡೋ ಹಾಗಿಲ್ಲ, ಸಿಮ್ಯುಲೇಟರಲ್ಲೂ ಮಾಡೋ ಹಾಗಿಲ್ಲ. ಕಡ್ಡಿಗೆ ಸಿಕ್ಕಿಸಿದ ಪುಟ್ಟ ವಿಮಾನ ಕೈಲಿ ಹಿಡ್ಕೊಂಡು ಗಾಳೀಲಿ ಆಡಿಸ್ತಾ ಮನಸ್ಸಲ್ಲೇ ಹಾರಿಸ್ಬೇಕು. ಸಂಜೆ ಪಾರ್ಕಿಂಗ್ ಜಾಗದಲ್ಲಿ ದೊಡ್ಡ ದೊಡ್ಡೋರೆಲ್ಲ ಕಣ್ಣು ಮುಚ್ಕೊಂಡು ಕಡ್ಡಿ ವಿಮಾನ ತಿರುಗಿಸ್ತಾ ಓಡಾಡೋದು ನೋಡೋಕೆ ಎಷ್ಟು ಚೆಂದ ಅಂದ್ರೆ, ಭರತನಾಟ್ಯದೋರು ವೇದಿಕೆಗೆ ಹೋಗೋ ಮುಂಚೆ ಪರದೆ ಹಿಂದೆ ಕೈಯಲ್ಲೇ ಹೆಜ್ಜೆ ಲೆಕ್ಕ ಹಾಕ್ತಾರಲ್ಲ, ಅದೇ ಏಕಾಗ್ರತೆ. ಆ ಶಕ್ತಿ ಬೆಳೆಸ್ಕೊಳೋಕೂ ಸಿಮ್ ಒಂದು ರೀತೀಲಿ ಸಹಾಯ ಮಾಡತ್ತೆ, ಹಳೇ ವರ್ಷದ ಸೀಕ್ವೆನ್ಸ್ ಒಂದನ್ನ ತೆಗೆದು, ಕಡ್ಡಿ ವಿಮಾನದಲ್ಲಿ ಹತ್ತು ನಿಮಿಷ, ಆಮೇಲೆ ಪರದೆ ಮೇಲೆ ಒಂದೇ ಸಲ, ಎರಡನೇ ಅವಕಾಶ ಇಲ್ಲ ಅಂತ ನಾನೇ ನಿಯಮ ಮಾಡ್ಕೊಂಡು ಹಾರಿಸ್ತೀನಿ.

ಎಫ್3ಎ ಪ್ಯಾಟರ್ನ್ ಅನ್ನೋ ಇನ್ನೊಂದು ಥರದ ಏರೋಬ್ಯಾಟಿಕ್ ಸ್ಪರ್ಧೆಗೆ ಹಾರಿಸೋರಿಗೆ, ಅಂದ್ರೆ 2 ಮೀಟರ್ ಉದ್ದ 2 ಮೀಟರ್ ರೆಕ್ಕೆ 5 ಕಿಲೋ ಮಿತಿಯ ಆ ವಿಮಾನದೋರಿಗೆ, ಇದು ಇನ್ನೂ ಜಾಸ್ತಿ ಉಪಯೋಗ ಆಗಬಹುದು. ಅಲ್ಲಿ ನಿಮ್ಮಿಂದ ಸುಮಾರು 150 ಮೀಟರ್ ದೂರದ ಒಂದೇ ಗೆರೆ ಮೇಲೆ, ಎಡಬಲ 60 ಡಿಗ್ರಿ ಒಳಗೇ ಎಲ್ಲಾ ಫಿಗರ್ ಮುಗಿಸ್ಬೇಕು, ತಪ್ಪಿನ ಲೆಕ್ಕ 15 ಡಿಗ್ರಿಗೆ ಒಂದು ಪಾಯಿಂಟು. ನಾನು ಆ ಸ್ಪರ್ಧೆಗೆ ಇಳಿದಿಲ್ಲ, ಹಾಗಾಗಿ ಜಾಸ್ತಿ ಹೇಳಲ್ಲ.

ಫ್ರೀಸ್ಟೈಲ್ 3ಡಿ, ಹೋವರ್, ಟಾರ್ಕ್ ರೋಲ್ ಮಾಡೋರು ಕಣ್ಣು ಮುಚ್ಚಿ ತಗೊಳಿ, ನೆಲದ ಹತ್ರ ವಿಮಾನ ನೇತಾಡಿಸೋದು ಕಲಿಯೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಬೇರೆ ಯಾವುದಿದೆ ಅಂತ ಕೇಳಿದ್ರೆ, ಜರ್ಮನಿಯ ಐಪ್ಯಾಕ್ಸ್ ಅವರ ಏರೋಫ್ಲೈ ಆರ್‌ಸಿ ಇದೆ, ಗೆಳೆಯನ ಮನೇಲಿ ಸ್ವಲ್ಪ ಹಾರಿಸಿದೆ, ನೋಡೋಕೆ ಬಹಳ ಸುಂದರ. ಪಿಕಾಸಿಮ್ ಅಂತ ಉಚಿತದ್ದೊಂದಿದೆ, ಗ್ಲೈಡರ್‌ಗಳಿಗೆ ಪ್ರಸಿದ್ಧಿ, ದುಡ್ಡು ಹಾಕೋ ಮುಂಚೆ ನಿಮಗೆ ಸಿಮ್ಯುಲೇಟರ್ ಮುಂದೆ ದಿನಾ ಕೂರೋ ತಾಳ್ಮೆ ಇದೆಯಾ ಅಂತ ಅದರಲ್ಲೇ ನೋಡ್ಕೊಳ್ಳಿ.

ಊರಿಂದ ತಮ್ಮ ಕೇಳ್ತಿರ್ತಾನೆ, ಬೆಂಗಳೂರಲ್ಲಿರೋರಿಗೆ ಇದು ಬೇಕಾ ಅಂತ. ನನ್ನ ಉತ್ತರ ಇಲ್ಲಿನೋರಿಗಿಂತ ನಿಮಗೇ ಜಾಸ್ತಿ ಬೇಕು. ಒಂದು ಕಡೆ ಎಚ್‌ಎಎಲ್, ಇನ್ನೊಂದು ಕಡೆ ಯಲಹಂಕ ಏರ್‌ಫೋರ್ಸ್ ಸ್ಟೇಷನ್, ಜಕ್ಕೂರು, ಅದರಾಚೆ ಕೆಂಪೇಗೌಡ ಏರ್‌ಪೋರ್ಟ್, ಊರ ಸುತ್ತ ಹೀಗಿರೋವಾಗ ಮನಸ್ಸು ಬಂದ ಕಡೆ ಹಾರಿಸೋಕಾಗಲ್ಲ. 2021ರ ಡ್ರೋನ್ ನಿಯಮಗಳು ಮಾಡೆಲ್ ವಿಮಾನಗಳನ್ನೂ ಹೆಸರಿಸಿವೆ, ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಜಾಗ ನೋಡ್ಕೊಂಡೇ ಹೋಗ್ಬೇಕು. ದೂರದ ಫೀಲ್ಡಿಗೆ ತಿಂಗಳಿಗೆ ಒಂದೋ ಎರಡೋ ಸಲ ಹೋಗೋಕಾಗೋದಾದ್ರೆ ಆ ಎರಡು ದಿನ ಕೈ ಕಲಿಯೋಕೆ ಹಾಳು ಮಾಡ್ಬಾರ್ದು, ಕೈ ಮನೇಲಿ ಕಲಿತಿರ್ಬೇಕು, ಫೀಲ್ಡಿನ ಸಮಯ ಪೂರ್ತಿ ಗಾಳಿಗೆ, ದೂರಕ್ಕೆ, ಸ್ಪಿನ್ನಿಗೆ ಇರ್ಬೇಕು.

ಎರಡನೇ ಕಾಂಟೆಸ್ಟಲ್ಲಿ ಅದೇ ದಕ್ಷಿಣದ ಗಾಳಿ, ಅದೇ ಸೀಕ್ವೆನ್ಸ್. ಎಂಟನೇ ಫಿಗರ್ ಹೊತ್ತಿಗೆ ವಿಮಾನ ಎಲ್ಲಿರ್ಬೇಕೋ ಅಲ್ಲಿತ್ತು, ಕ್ಯಾನಪಿ ಒಳಗಿನ ಪೈಲಟ್ ಗೊಂಬೆಯ ಬಿಳಿ ಹೆಲ್ಮೆಟ್ ಕಾಣ್ತಿತ್ತು. ಸ್ಪಿನ್ನಿಗೆ ಥ್ರಾಟಲ್ ತೆಗೆದೆ, ಕಾದೆ, ಹಿಂದಿಂದ ಹೆಂಡ್ತಿ ಮೆಲ್ಲಗೆ "ಇನ್ನೂ ಇಲ್ಲ, ಇನ್ನೂ ಇಲ್ಲ" ಅಂತಿದ್ಲು, ಮೂಗು ತಾನಾಗೇ ಬಿತ್ತು, ಆಗ ರಡ್ಡರ್ ಕೊಟ್ಟೆ. ಒಬ್ಬ ಜಡ್ಜ್ 7, ಇನ್ನೊಬ್ಬರು 7.5. ಆ ಶೀಟ್ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ, ಮಗಳು ಪಕ್ಕದಲ್ಲಿ ಗೋಪುರದ ಚಿತ್ರ ಬರೆದಿದಾಳೆ.